ಪ್ರಶಸ್ತಿ ಬಂದ ಮೇಲೆ ಕುಂಚ ಹಿಡಿಯೋಕೆ ಮನಸ್ಸಾಗುತ್ತಿಲ್ಲ, ಯಾಕೆ?

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 38 ವರ್ಷ. ಲಿಂಗಸುಗೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೇನೆ. ಚಿಕ್ಕಂದಿನಿಂದ ಚಿತ್ರ ಬರೆಯೋದು ಅಂದ್ರೆ ಪ್ರಾಣ. ಮದುವೆ, ಮಕ್ಕಳು, ನೌಕರಿ ಎಲ್ಲದರ ನಡುವೆ ನಸುಕಿನಲ್ಲಿ ಎದ್ದು ಅಡುಗೆ ಮನೆಯಲ್ಲಿ ಕೂತು 15 ವರ್ಷ ಬರೆದೆ. ಹೋದ ವರ್ಷ ನನ್ನ ಒಂದು ಚಿತ್ರಕ್ಕೆ, ಹತ್ತಿ ಬಿಡಿಸುವ ಹೆಂಗಸರ ಚಿತ್ರ ಅದು, ರಾಜ್ಯ ಮಟ್ಟದ ಪ್ರಶಸ್ತಿ ಬಂತು. ಊರಲ್ಲಿ ಸನ್ಮಾನ, ಪೇಪರಿನಲ್ಲಿ ಫೋಟೊ. ಮೂರು ವಾರ ಕಾಲು ನೆಲದ ಮೇಲೆ ಇರಲಿಲ್ಲ. ಆಮೇಲೆ ಏನೋ ಖಾಲಿ ಖಾಲಿ. ಈಗ ಎಂಟು ತಿಂಗಳಾಯಿತು, ಒಂದು ಚಿತ್ರವನ್ನೂ ಪೂರ್ತಿ ಮಾಡಿಲ್ಲ. ಬಂದವರೆಲ್ಲ ಅದೇ ಹತ್ತಿ ಹೆಂಗಸರನ್ನು ಬರೆದುಕೊಡಿ ಅಂತಾರೆ. ಜೊತೆಗೆ ಓದಿದ ಗೆಳತಿ ಬೆಂಗಳೂರಿನಲ್ಲಿ ಪ್ರದರ್ಶನ ಇಟ್ಟಿದ್ದು ನೋಡಿ ಹೊಟ್ಟೆಯಲ್ಲಿ ಸಂಕಟ ಆಯಿತು, ಹಾಗಾಯಿತಲ್ಲ ಅಂತ ನಾಚಿಕೆನೂ ಆಯಿತು. ಶಾಲೆ, ಮಕ್ಕಳು, ಮನೆ ಎಲ್ಲ ಚೆನ್ನಾಗಿದೆ, ಇದೊಂದೇ ಹೀಗೆ. ಹೋದ ವಾರ ಅವ್ವ ಅಕ್ಕಿ ಆರಿಸುತ್ತಾ ಕೂತಿದ್ದಾಗ ಅವಳ ಕೈ ನೋಡಿ ಹಳೇ ಪ್ರಶ್ನೆಪತ್ರಿಕೆಯ ಹಿಂದೆ ಸುಮ್ನೆ ಗೀಚಿದೆ. ಎಡಗೈ ಬರೆಯೋಷ್ಟರಲ್ಲಿ ಹಾಲು ಉಕ್ಕಿತು, ಎದ್ದೆ, ಅಷ್ಟೇ. ಸಾಧನೆ ಮಾಡಿದರೆ ಸಂತೋಷ ಸಿಗುತ್ತದೆ ಅಂತ ಶಾಲೆಯ ಮಕ್ಕಳಿಗೆ ದಿನಾ ಹೇಳುತ್ತೇನೆ. ಅದು ಸುಳ್ಳಾ? ಮುಂದಿನ ತಿಂಗಳು ಇನ್ನೊಂದು ಕಡೆ ಸನ್ಮಾನಕ್ಕೆ ಕರೆದಿದ್ದಾರೆ. ಹೋಗಲೋ ಬೇಡವೋ ಅದೂ ತಿಳಿಯುತ್ತಿಲ್ಲ.

ಉತ್ತರ: ತಂಗಿ, ನಮಸ್ಕಾರ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ಒಂದೇ ಸಾಲಿನ ಹತ್ತಿರ ನಿಂತೆ. ಅದು ಯಾವ ಸಾಲು ಅಂತ ಕೊನೆಗೆ ಹೇಳುತ್ತೇನೆ.

ಬಳ್ಳಾರಿಯಲ್ಲಿ ನಾನು ಆಪ್ತಸಮಾಲೋಚನೆ ಮಾಡುತ್ತಾ 22 ವರ್ಷ ಆಯಿತು. ಸೋತು ಬಂದವರು ಜಾಸ್ತಿ ಬರುತ್ತಾರೆ, ನಿಜ. ಆದರೆ ಗೆದ್ದು ಬಂದವರೂ ಬರುತ್ತಾರೆ, ಮತ್ತು ಅವರು ಬಾಗಿಲಲ್ಲೇ ಸಂಕೋಚದಿಂದ ನಿಲ್ಲುತ್ತಾರೆ. ಎಲ್ಲ ಸಿಕ್ಕ ಮೇಲೂ ಯಾಕೆ ಹೀಗೆ ಅಂತ ಯಾರ ಹತ್ತಿರ ಹೇಳಿಕೊಳ್ಳೋದು? ಸೋತವರಿಗೆ ಸಮಾಧಾನ ಹೇಳೋಕೆ ಹತ್ತು ಜನ ಇರುತ್ತಾರೆ. ಗೆದ್ದವರು ಅತ್ತರೆ ಸೊಕ್ಕು ಅಂತಾರೆ. ನೀವು ಬರೆದಿದ್ದೀರಿ, ಅದಕ್ಕೆ ಮೊದಲು ಧನ್ಯವಾದ.

ಒಂದು ವಿಷಯ ಮೊದಲೇ ಕೇಳಿಬಿಡುತ್ತೇನೆ, ಯಾಕೆಂದರೆ ಇದು ಬಿಟ್ಟು ಮುಂದಕ್ಕೆ ಹೋಗುವ ಹಾಗಿಲ್ಲ. ಖಾಲಿ ಅನಿಸುವುದು ಚಿತ್ರದ ವಿಷಯದಲ್ಲಿ ಮಾತ್ರವಾ, ಇಲ್ಲ ಎಲ್ಲದರಲ್ಲೂ ಹೌದಾ? ಊಟ ರುಚಿಸುತ್ತಿಲ್ಲ, ನಿದ್ದೆ ಬರುತ್ತಿಲ್ಲ ಅಥವಾ ಎಷ್ಟು ಮಲಗಿದರೂ ಸಾಲುತ್ತಿಲ್ಲ, ಮಕ್ಕಳ ಮಾತೂ ಬೇಡ ಅನಿಸುತ್ತಿದೆ, ನಾನು ಯಾತಕ್ಕೂ ಬಾರದವಳು ಅನಿಸುತ್ತಿದೆ, ಇಂಥದ್ದು ಎರಡು ವಾರಕ್ಕಿಂತ ಜಾಸ್ತಿ ದಿನದ ಬಹುಪಾಲು ಹೊತ್ತು ಇದ್ದರೆ ಅದು ಪ್ರಶಸ್ತಿಯ ಮಾತಲ್ಲ. ಅದು ಖಿನ್ನತೆ ಇರಬಹುದು. ಅದಕ್ಕೆ ಔಷಧ ಇದೆ, ಚಿಕಿತ್ಸೆ ಇದೆ, ಗುಣ ಆಗುತ್ತದೆ. ಥೈರಾಯಿಡ್ ಕಡಿಮೆಯಾದರೂ ಹೀಗೇ ಮಂಕು ಕವಿಯುತ್ತದೆ, ಒಂದು ರಕ್ತ ಪರೀಕ್ಷೆ ಮಾಡಿಸಿ. ಸಾಯಬೇಕು ಅನ್ನೋ ಯೋಚನೆ ಒಂದು ಸಲ ಬಂದರೂ ಸಾಕು, ತಡ ಮಾಡದೆ ಟೆಲಿ ಮಾನಸ್ ಅನ್ನೋ ಸರ್ಕಾರಿ ಸಹಾಯವಾಣಿಗೆ ಫೋನ್ ಮಾಡಿ, ನಂಬರು 14416, ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ಜನ ಏನಂತಾರೋ ಅಂತ ನಮ್ಮ ಕಡೆ ಈಗಲೂ ಹೆದರುತ್ತಾರೆ. ಆದರೆ ಹಳ್ಳಿ ಆಸ್ಪತ್ರೆಯಲ್ಲೇ ಮನಸ್ಸಿನ ಕಾಯಿಲೆಗೆ ಔಷಧ ಕೊಡಬಹುದು ಅಂತ ದೇಶಕ್ಕೆ ತೋರಿಸಿಕೊಟ್ಟಿದ್ದು ನಮ್ಮ ಬಳ್ಳಾರಿ ಜಿಲ್ಲೆಯೇ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಇಲ್ಲಿ ಅದನ್ನು ಮಾಡಿ ನೋಡಿದರು. 1996ರಲ್ಲಿ ಬೇರೆ ರಾಜ್ಯಗಳಲ್ಲೂ ಶುರುವಾಯಿತು. ಬಳ್ಳಾರಿ ಮಾದರಿ ಅಂತಲೇ ಅದರ ಹೆಸರು. ಹಾಗಾಗಿ ನಾಚಿಕೆ ಪಡೋಕೆ ಏನೂ ಇಲ್ಲ.

ಆದರೆ ಶಾಲೆ, ಮಕ್ಕಳು, ಮನೆ ಎಲ್ಲ ಚೆನ್ನಾಗಿದೆ, ಇದೊಂದೇ ಹೀಗೆ ಅಂತ ಬರೆದಿದ್ದೀರಿ. ಅದನ್ನು ನಂಬಿಕೊಂಡು ಮುಂದಿನದು ಹೇಳುತ್ತೇನೆ.

ಸಾಧನೆಯಿಂದ ಸಂತೋಷ ಸಿಗುತ್ತದೆಯಾ? ಸಿಗುತ್ತದೆ. ನಿಮಗೂ ಸಿಕ್ಕಿತಲ್ಲ, ಮೂರು ವಾರ. ಅದು ಸುಳ್ಳು ಸಂತೋಷ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 15 ವರ್ಷ ಕತ್ತಲಲ್ಲಿ ಎದ್ದು ಬರೆದವಳಿಗೆ ನಾಲ್ಕು ಜನ ಎದ್ದು ನಿಂತು ಕೈ ಚಪ್ಪಾಳೆ ತಟ್ಟಿದರೆ ಎದೆ ತುಂಬಲೇಬೇಕು. ತಪ್ಪಾಗಿರೋದು ಎಲ್ಲಿ ಅಂದರೆ, ಅದು ಇರುತ್ತದೆ ಅಂತ ನಾವು ನಂಬಿದ್ದು. ಗೆಲುವಿನ ಸಂತೋಷ ಹಬ್ಬಕ್ಕೆ ಬರುವ ನೆಂಟರ ಹಾಗೆ. ಬರುತ್ತಾರೆ, ಮನೆ ತುಂಬ ನಗು ಇರುತ್ತದೆ, ಹೋಳಿಗೆ ಮುಗಿದ ಮೇಲೆ ಚೀಲ ಹಿಡಿದು ಬಸ್‌ ಸ್ಟ್ಯಾಂಡಿಗೆ ಹೊರಡುತ್ತಾರೆ. ನೆಂಟರು ಹೋದರು ಅಂತ ಅವರು ಬಂದಿದ್ದೇ ಸುಳ್ಳು ಅನ್ನೋಕಾಗಲ್ಲ ಅಲ್ವಾ?

ಇದರ ಮೇಲೆ ಸಾಕಷ್ಟು ಅಧ್ಯಯನ ನಡೆದಿದೆ. 1978ರಲ್ಲಿ ಅಮೆರಿಕದಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಜೊತೆಯವರು ಲಾಟರಿ ಗೆದ್ದ 22 ಜನರನ್ನು ಮಾತಾಡಿಸಿದರು. ಗೆಲ್ಲದ ಅಕ್ಕಪಕ್ಕದವರಿಗೆ ಹೋಲಿಸಿದರೆ ಅವರ ಸಂತೋಷ ಹೇಳಿಕೊಳ್ಳುವಷ್ಟು ಜಾಸ್ತಿ ಇರಲಿಲ್ಲ. ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯ ಅನಿಸುತ್ತದೆ. ಗೆಳೆಯರ ಜೊತೆ ಹರಟೆ, ಬೆಳಗಿನ ತಿಂಡಿ, ಟಿವಿ ಮುಂತಾದ ದಿನದ ಸಣ್ಣ ಸಣ್ಣ ಸುಖಗಳು ಗೆದ್ದವರಿಗೆ ಗೆಲ್ಲದವರಷ್ಟು ರುಚಿಸುತ್ತಿರಲಿಲ್ಲ. ದೊಡ್ಡದೊಂದು ಸಿಹಿ ತಿಂದ ಮೇಲೆ ಚಹಾ ಸಪ್ಪೆ ಅನಿಸುತ್ತದಲ್ಲ, ಹಾಗೆ. ನಿಮಗೆ ಆಗಿರುವುದರಲ್ಲಿ ಒಂದು ಪಾಲು ಇದೇ. ಸಭೆಯ ತುಂಬ ಜನ ಎದ್ದು ನಿಂತ ಮೇಲೆ, ನಸುಕಿನ ಐದು ಗಂಟೆಗೆ ಒಬ್ಬರೇ ಕೂತು ಬಳಿಯುವ ಒಂದು ಒಳ್ಳೆಯ ನೀಲಿ ಬಣ್ಣ ಸಾಲದು ಅನಿಸುತ್ತಿದೆ.

ಡೇನಿಯಲ್ ಗಿಲ್ಬರ್ಟ್, ತಿಮೊಥಿ ವಿಲ್ಸನ್ ಅನ್ನುವವರು ಕಾಲೇಜು ಮೇಷ್ಟ್ರುಗಳನ್ನು ಕೇಳಿದ್ದರು, ನಿಮಗೆ ನೌಕರಿ ಖಾಯಂ ಆದರೆ ಎಷ್ಟು ವರ್ಷ ಸಂತೋಷವಾಗಿರುತ್ತೀರಿ, ಆಗದಿದ್ದರೆ ಎಷ್ಟು ದುಃಖದಲ್ಲಿರುತ್ತೀರಿ ಅಂತ. ಎಲ್ಲರೂ ದೊಡ್ಡ ಲೆಕ್ಕ ಹೇಳಿದರು. ಆದರೆ ನಿಜಕ್ಕೂ ಖಾಯಂ ಆಗಿ ಕೆಲವು ವರ್ಷ ಕಳೆದವರನ್ನೂ, ಆಗದೆ ಹೋದವರನ್ನೂ ನೋಡಿದರೆ ಇಬ್ಬರ ಸಂತೋಷಕ್ಕೂ ಅಂಥಾ ಅಂತರ ಇರಲಿಲ್ಲ. ಈ ಅಧ್ಯಯನ ಬಂದಿದ್ದು 1998ರಲ್ಲಿ. ಮುಂದೆ ನಮಗೆ ಹೇಗನಿಸುತ್ತದೆ ಅಂತ ಊಹೆ ಮಾಡೋದರಲ್ಲಿ ಮನುಷ್ಯರು ಬಹಳ ಹಿಂದೆ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಾವು ಬೇಗ ಹೊಂದಿಕೊಂಡುಬಿಡುತ್ತೇವೆ. ರಾಯಚೂರಿನ ಮೇ ತಿಂಗಳ ಬಿಸಿಲಿಗೆ ಹೊಂದಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಗೆಲುವಿಗೆ ಬೆಲೆಯೇ ಇಲ್ಲ, ದುಡ್ಡಿಗೆ ಬೆಲೆಯೇ ಇಲ್ಲ, ಕಲೆ ಅಂದರೆ ತಪಸ್ಸು ಅಂತ ಹೇಳುವವರ ಜೊತೆ ನಾನು ಇಲ್ಲ. ಆ ಮಾತು ನನಗೆ ಸಿಟ್ಟು ತರಿಸುತ್ತದೆ. ಅದನ್ನು ಹೇಳುವವರು ಸಾಮಾನ್ಯವಾಗಿ ತಿಂಗಳ ಸಂಬಳ ಇರುವವರು. ಲಾಟರಿ ಅಧ್ಯಯನವನ್ನೇ ತೆಗೆದುಕೊಳ್ಳಿ. 22 ಜನ ಅಂದರೆ ಬಹಳ ಚಿಕ್ಕ ಲೆಕ್ಕ. 2020ರಲ್ಲಿ ಸ್ವೀಡನ್‌ನಿಂದ ಬಹಳ ದೊಡ್ಡ ಅಧ್ಯಯನ ಬಂತು. ದೊಡ್ಡ ಮೊತ್ತ ಗೆದ್ದವರು ತಮ್ಮ ಬದುಕಿನ ಬಗ್ಗೆ ಹತ್ತು ವರ್ಷ ಆದ ಮೇಲೂ ಹೆಚ್ಚು ಸಮಾಧಾನದಿಂದ ಇದ್ದರು. ಅಂದರೆ ದುಡ್ಡು ತಲೆಭಾರ ಇಳಿಸುತ್ತದೆ, ಆ ಹಗುರ ಉಳಿಯುತ್ತದೆ. ದಿನದಿನದ ಖುಷಿಯ ಮೇಲೆ ಮಾತ್ರ ಅದರ ಪರಿಣಾಮ ಅಷ್ಟೊಂದು ಕಾಣಲಿಲ್ಲ. ಈ ಎರಡೂ ಬೇರೆ ಬೇರೆ ಅಂತ ನೆನಪಿಡಿ.

ನಮ್ಮ ಕೊಪ್ಪಳದ ಕಿನ್ನಾಳಕ್ಕೆ ಹೋಗಿದ್ದೀರಾ? ಹೋಗಿಲ್ಲದಿದ್ದರೆ ಒಂದು ಭಾನುವಾರ ಹೋಗಿ. ಚಿತ್ರಗಾರರ ಮನೆಗಳಲ್ಲಿ ಹಗುರ ಕಟ್ಟಿಗೆ ಕೆತ್ತಿ, ಹುಣಸೆ ಬೀಜದ ಅಂಟು ಹಚ್ಚಿ, ಅರಿವೆ ತುಂಡು ಮೆತ್ತಿ, ಬಿಳಿ ಬಳಿದು, ಅದರ ಮೇಲೆ ಬಣ್ಣ ಕೂರಿಸುತ್ತಾರೆ. ದೇವರ ಮೂರ್ತಿ, ಗರುಡ, ತೊಟ್ಟಿಲು, ಪ್ರಾಣಿ ಗೊಂಬೆ. ಅಲ್ಲಿ ಗೊಂಬೆ ಮಾರಾಟ ಆದರೆ ಮನೆ ನಡೆಯುತ್ತದೆ, ಮಗ ಅದೇ ಕೆಲಸಕ್ಕೆ ಕೂರುತ್ತಾನೆ. ಆಗದಿದ್ದರೆ ಅವನು ಬೇರೆ ಕೆಲಸ ಹುಡುಕಿಕೊಂಡು ಊರು ಬಿಡುತ್ತಾನೆ, ಕೈಯಲ್ಲಿದ್ದ ವಿದ್ಯೆ ಅಲ್ಲಿಗೆ ಮುಗಿಯಿತು. ಅಂಥ ಮನೆಯಲ್ಲಿ ನಿಂತು ಹೆಸರು ಬೇಡ, ಹಣ ಬೇಡ, ಸುಖ ಒಳಗಿದೆ ಅಂತ ಹೇಳೋಕೆ ನನಗೆ ಬಾಯಿ ಬರುವುದಿಲ್ಲ. ಅಲ್ಲಿ ಯಶಸ್ಸು ಅಂದರೆ ನಾಳೆಯೂ ಇದೇ ಕೆಲಸ ಮಾಡಬಹುದು ಅನ್ನುವ ಧೈರ್ಯ.

ನಾನು ಇಷ್ಟು ವರ್ಷ ನೋಡಿ ನೋಡಿ ಕಂಡುಕೊಂಡಿದ್ದು ಇದೇ. ಗೆಲುವು ಎರಡು ಕಡೆ ಕೂರಬಹುದು. ಕೆಲವೊಮ್ಮೆ ಅದು ನಿಮ್ಮ ಬೆನ್ನ ಹಿಂದೆ ಕೂರುತ್ತದೆ. ಬಣ್ಣಕ್ಕೆ ದುಡ್ಡು ಕೊಡುತ್ತದೆ, ಹೊತ್ತು ಕೊಡುತ್ತದೆ, ಮನೆಯವರು ಇವಳನ್ನು ಸ್ವಲ್ಪ ಹೊತ್ತು ಬಿಡೋಣ ಅನ್ನೋ ಹಾಗೆ ಮಾಡುತ್ತದೆ. ಕೆಲವೊಮ್ಮೆ ಅದು ನಿಮಗೂ ಹಾಳೆಗೂ ನಡುವೆ ಬಂದು ಕೂರುತ್ತದೆ. ಆಗ ಹಾಳೆ ಕಾಣೋದಿಲ್ಲ. ಹಾಳೆಯನ್ನು ನೋಡುವ ಜನ ಕಾಣುತ್ತಾರೆ. ನಿಮ್ಮ ಪ್ರಶಸ್ತಿ ಈಗ ನಡುವೆ ಕೂತಿದೆ ತಂಗಿ. ಹತ್ತಿ ಹೆಂಗಸರನ್ನೇ ಬರೆಯಿರಿ ಅಂತ ಕೇಳುವವರು ಅದನ್ನು ಅಲ್ಲೇ ಗಟ್ಟಿಯಾಗಿ ಕೂರಿಸುತ್ತಿದ್ದಾರೆ.

ನಿಮ್ಮ ಪಕ್ಕದ ಮಾನ್ವಿಯ ಕಥೆ ಗೊತ್ತೇ ಇರುತ್ತದೆ. ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ದೊಡ್ಡ ಪಂಡಿತರು, ಬಹಳ ಹೆಸರು. ವಿಜಯದಾಸರು ಊಟಕ್ಕೆ ಕರೆದರೆ, ಕನ್ನಡದಲ್ಲಿ ಪದ ಹಾಡುವವರ ಪಂಕ್ತಿಗೆ ನಾನು ಹೋಗೋದಾ ಅಂತ ಹೊಟ್ಟೆನೋವಿನ ನೆಪ ಹೇಳಿ ಕಳಿಸಿದರಂತೆ. ಆಮೇಲೆ ಹೊಟ್ಟೆನೋವು ನಿಜವಾಗಿಯೇ ಬಂತು, ಗೋಪಾಲದಾಸರ ಹತ್ತಿರ ಹೋಗಿ ವಾಸಿಯಾಯಿತು ಅಂತ ಹೇಳುತ್ತಾರೆ. ಅವರೇ ಮುಂದೆ ಜಗನ್ನಾಥದಾಸರಾದರು, ಕನ್ನಡದಲ್ಲೇ ಹರಿಕಥಾಮೃತಸಾರ ಬರೆದರು. ಇದನ್ನು ಭಕ್ತಿಯ ಕಥೆಯಾಗಿ ನಾವೆಲ್ಲ ಕೇಳಿದ್ದೇವೆ. ನನ್ನ ಕೆಲಸದ ಕಣ್ಣಿನಿಂದ ನೋಡಿದರೆ ನನಗೆ ಇನ್ನೊಂದು ಕಾಣುತ್ತದೆ. ಅವರಿಗೆ ಮೊದಲೇ ಬಂದಿದ್ದ ಹೆಸರು ಅವರು ಮುಂದೆ ಮಾಡಬೇಕಾಗಿದ್ದ ಕೆಲಸದ ಬಾಗಿಲಿಗೆ ಅಡ್ಡ ನಿಂತಿತ್ತು.

ಈಗ ನಿಮ್ಮ ಶಾಲೆಯ ಮಕ್ಕಳ ವಿಷಯ. ಇದು ನಿಮಗೆ ಇನ್ನೂ ಹತ್ತಿರದ್ದು, ಯಾಕೆಂದರೆ ಚಿತ್ರ ಬರೆಯುವ ಮಕ್ಕಳ ಮೇಲೆಯೇ ಒಂದು ಹೆಸರುವಾಸಿ ಪ್ರಯೋಗ ಇದೆ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಇಬ್ಬರು ಜೊತೆಗಾರರು ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಮಾಡಿದ್ದು. ಮೂರರಿಂದ ಐದು ವರ್ಷದ ಮಕ್ಕಳು, ಸ್ಕೆಚ್ ಪೆನ್ ಕಂಡರೆ ತಾವಾಗಿಯೇ ಓಡಿ ಬಂದು ಬರೆಯುವಂಥವರು. ಅವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಚಿತ್ರ ಬರೆದರೆ ಚಿನ್ನದ ಬಣ್ಣದ ಮುದ್ರೆ, ರಿಬ್ಬನ್ ಇರುವ ಪ್ರಮಾಣಪತ್ರ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಏನೂ ಹೇಳದೆ, ಬರೆದಾದ ಮೇಲೆ ಅದನ್ನೇ ಕೊಟ್ಟರು. ಮೂರನೆಯ ಗುಂಪಿಗೆ ಹೇಳಲೂ ಇಲ್ಲ, ಕೊಡಲೂ ಇಲ್ಲ. ಒಂದೆರಡು ವಾರ ಬಿಟ್ಟು ಅದೇ ಪೆನ್ನುಗಳನ್ನು ತರಗತಿಯಲ್ಲಿ ಸುಮ್ನೆ ಇಟ್ಟು ದೂರದಿಂದ ನೋಡಿದರು. ಮೊದಲೇ ಆಸೆ ತೋರಿಸಿದ್ದ ಮಕ್ಕಳು ಬೇರೆಯವರ ಅರ್ಧದಷ್ಟು ಹೊತ್ತು ಮಾತ್ರ ಬರೆದರು. ನಿರೀಕ್ಷೆ ಇಲ್ಲದೆ ಸಿಕ್ಕ ಬಹುಮಾನದಿಂದ ಏನೂ ಕೆಡಲಿಲ್ಲ. ಬಹುಮಾನಕ್ಕೋಸ್ಕರ ಬರೆಯುತ್ತಿದ್ದೇನೆ ಅಂತ ಮಗುವಿಗೆ ಅನಿಸಿದ್ದರಿಂದ ಕೆಟ್ಟಿತು. ಆಟವಾಗಿದ್ದದ್ದು ಕೂಲಿ ಆಯಿತು.

ಇದು ಓದಿದಾಗ ನನಗೆ ನಮ್ಮ ಪ್ರತಿಭಾ ಕಾರಂಜಿ ನೆನಪಾಗುತ್ತದೆ. ಸ್ಪರ್ಧೆ ಇರಲಿ, ಮಕ್ಕಳಿಗೆ ವೇದಿಕೆ ಬೇಕು, ಬಡ ಮನೆಯ ಹುಡುಗಿಯ ಕೈಯಲ್ಲಿ ಕಲೆ ಇದೆ ಅಂತ ಊರಿಗೆ ಗೊತ್ತಾಗೋದು ಅಲ್ಲೇ. ಆದರೆ ವರ್ಷದ ಎಲ್ಲ ಚಿತ್ರಗಳೂ ಆ ಒಂದು ದಿನಕ್ಕಾಗಿ ಅಂತ ಆಗಬಾರದು. ವಾರಕ್ಕೆ ಒಂದು ಪಿರಿಯಡ್ ಹೀಗೆ ಇಡಿ. ಅದರಲ್ಲಿ ಅಂಕ ಇಲ್ಲ, ಗೋಡೆಗೆ ಹಚ್ಚೋದೂ ಇಲ್ಲ. ಬರೆದ ಮಗುವಿನ ಹತ್ತಿರ ಹೋಗಿ ಭೇಷ್ ಅನ್ನುವ ಬದಲು ಈ ಎಮ್ಮೆಯ ಕೊಂಬನ್ನು ಹೀಗೆ ತಿರುಗಿಸಿದ್ದೀಯಲ್ಲ, ಹೇಗೆ ಹೊಳೆಯಿತು ಅಂತ ಕೇಳಿ. ಆ ಮಗು ಏನು ಹೇಳುತ್ತದೆ ಅಂತ ಕೂತು ಕೇಳಿ. ಸಾಧನೆ ಮಾಡಿದರೆ ಸಂತೋಷ ಸಿಗುತ್ತದೆ ಅಂತ ಹೇಳೋದು ಸುಳ್ಳಾ ಅಂತ ಕೇಳಿದ್ದೀರಲ್ಲ. ಪೂರ್ತಿ ಸುಳ್ಳಲ್ಲ, ಆದರೆ ನಾನಾಗಿದ್ದರೆ ಮಕ್ಕಳಿಗೆ ಅದನ್ನು ಹೇಳೋದು ಬಿಟ್ಟುಬಿಡುತ್ತೇನೆ. ಬರೆಯುವಾಗ ನಿಮಗೆ ಹೇಗನಿಸುತ್ತದೆ ಅಂತ ಅವರನ್ನೇ ಕೇಳುತ್ತೇನೆ.

ಯಾಕೆಂದರೆ ಬಾಳುವ ಸುಖ ಅಲ್ಲಿದೆ. ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಅಂತ ಹಂಗೇರಿ ಮೂಲದ ಮನಶ್ಶಾಸ್ತ್ರಜ್ಞರು ಇದ್ದರು, 2021ರಲ್ಲಿ ತೀರಿಕೊಂಡರು. 1960ರ ದಶಕದಲ್ಲಿ ಶಿಕಾಗೋದಲ್ಲಿ ಚಿತ್ರಕಲೆ ಕಲಿಯುವವರನ್ನು ಗಮನಿಸುತ್ತಾ ಕೂತಿದ್ದಾಗ ಅವರಿಗೆ ಒಂದು ವಿಚಿತ್ರ ಕಂಡಿತು. ಬರೆಯುವಷ್ಟು ಹೊತ್ತು ಹಸಿವು, ದಣಿವು ಏನೂ ಲೆಕ್ಕವಿಲ್ಲ. ಚಿತ್ರ ಮುಗಿದ ಮರುಗಳಿಗೆಗೆ ಅದನ್ನು ಗೋಡೆಗೆ ಒರಗಿಸಿಟ್ಟು ಮುಂದಿನ ಬಟ್ಟೆ ಹಾಸುತ್ತಿದ್ದರು, ತಿರುಗಿಯೂ ನೋಡುತ್ತಿರಲಿಲ್ಲ. ಹಾಗಾದರೆ ಇವರು ಬರೆಯುವುದು ಯಾತಕ್ಕೆ ಅಂತ ಹುಡುಕುತ್ತಾ ಹೋಗಿ ಅವರು ಕಂಡಿದ್ದೇ ಮೈಮರೆವು. ಕೆಲಸ ತೀರಾ ಸುಲಭ ಇದ್ದರೆ ಬೇಸರ, ತೀರಾ ಕಷ್ಟ ಇದ್ದರೆ ಭಯ. ನಮ್ಮ ಕೈಗೆ ಎಟುಕುವುದಕ್ಕಿಂತ ಒಂದು ಬೆರಳು ಮೇಲಿದ್ದರೆ ಆಗ ಹೊತ್ತು ಹೋಗಿದ್ದು ತಿಳಿಯುವುದಿಲ್ಲ.

ಈಗ ನಿಮ್ಮ ಹತ್ತಿ ಹೆಂಗಸರನ್ನು ನೋಡಿ. ಅದನ್ನು ಮೊದಲ ಸಲ ಬರೆದಾಗ ಬಾಗಿದ ಬೆನ್ನು ಹೇಗೆ, ತಲೆಗೆ ಸುತ್ತಿದ ಟವೆಲ್ಲಿನ ನೆರಳು ಹೇಗೆ, ಬಿಳಿ ಹತ್ತಿಯನ್ನು ಬಿಳಿ ಹಾಳೆಯ ಮೇಲೆ ತೋರಿಸೋದು ಹೇಗೆ ಅಂತ ಒದ್ದಾಡಿರುತ್ತೀರಿ. ಈಗ ಅದೇ ಚಿತ್ರವನ್ನು ನಾಲ್ಕನೇ ಸಲ ಬರೆದುಕೊಡಿ ಅಂದರೆ ಕೈಗೆ ಅದೆಲ್ಲ ಬರುತ್ತದೆ, ಒದ್ದಾಟ ಇಲ್ಲ, ಹಾಗಾಗಿ ಬೇಸರ. ಹೊಸದು ಬರೆಯೋಣ ಅಂದರೆ ಪ್ರಶಸ್ತಿ ಬಂದವಳು ಇದಾ ಬರೆಯೋದು ಅಂತಾರೆ ಅನ್ನೋ ಭಯ. ಒಂದು ಕಡೆ ಬೇಸರ, ಒಂದು ಕಡೆ ಭಯ, ನಡುವೆ ಕೂರೋಕೆ ಜಾಗವೇ ಉಳಿದಿಲ್ಲ. ನಿಮಗೆ ಸೋಮಾರಿತನ ಬಂದಿಲ್ಲ. ಕಲೆ ಬತ್ತಿಲ್ಲ. ಅದನ್ನು ದಯವಿಟ್ಟು ನಂಬಿ.

ನನಗೂ ಇದು ಆಗಿತ್ತು. ಕಾಲೇಜಿನಲ್ಲಿ ನಾನು ಹಾಡುತ್ತಿದ್ದೆ. ಅಂತರ ಕಾಲೇಜು ಸ್ಪರ್ಧೆಯಲ್ಲಿ ಎರಡು ವರ್ಷ ಮೊದಲ ಬಹುಮಾನ ಬಂತು. ಮೂರನೇ ವರ್ಷ ಹಾಡು ಆರಿಸಿಕೊಳ್ಳುವಾಗ ನನಗೆ ಯಾವುದು ಇಷ್ಟ ಅಂತ ಯೋಚನೆಯೇ ಬರಲಿಲ್ಲ, ಯಾವುದಕ್ಕೆ ನಂಬರು ಜಾಸ್ತಿ ಬೀಳುತ್ತದೆ ಅಂತ ಮಾತ್ರ ನೋಡಿದೆ. ಆ ವರ್ಷ ಬಹುಮಾನ ಬರಲಿಲ್ಲ, ಮತ್ತು ನಾನು ಹಾಡೋದು ಬಿಟ್ಟೆ. ಹತ್ತೊಂಬತ್ತು ವರ್ಷ ಬಿಟ್ಟಿದ್ದೆ. ನಮ್ಮ ಓಣಿಯ ಹೆಂಗಸರು ಶ್ರಾವಣದಲ್ಲಿ ಭಜನೆಗೆ ಕೂರುತ್ತಾರೆ, ಒಂದು ಸಲ ತಾಳ ಹಿಡಿಯೋಕೆ ಜನ ಕಡಿಮೆ ಇದ್ದಾರೆ ಬಾ ಅಕ್ಕಾ ಅಂತ ಎಳೆದುಕೊಂಡು ಹೋದರು. ಅಲ್ಲಿ ಯಾರೂ ನನ್ನ ದನಿ ಕೇಳಿಸಿಕೊಳ್ಳೋಕೆ ಬಂದಿರಲಿಲ್ಲ, ಎಲ್ಲರೂ ಹಾಡೋಕೆ ಬಂದಿದ್ದರು. ಮೂರನೇ ಪದಕ್ಕೆ ನನ್ನ ಗಂಟಲು ಬಿಚ್ಚಿತು. ಆ ರಾತ್ರಿ ಮನೆಗೆ ಬಂದು ಅತ್ತೆ. ಹತ್ತೊಂಬತ್ತು ವರ್ಷ ಅದನ್ನು ಬಿಟ್ಟು ಇದ್ದೆನಲ್ಲ ಅಂತ ಅತ್ತಿದ್ದು. ನಿಮ್ಮದು ಎಂಟು ತಿಂಗಳು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಗೆಳತಿಯ ಪ್ರದರ್ಶನ ನೋಡಿ ಹೊಟ್ಟೆಯಲ್ಲಿ ಆದ ಸಂಕಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಎಲ್ಲರಿಗೂ ಆಗುತ್ತದೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದವರ ಮುಖಗಳನ್ನು ಅಧ್ಯಯನ ಮಾಡಿದವರಿಗೆ ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರು ಹೆಚ್ಚು ಸಂತೋಷವಾಗಿ ಕಂಡಿದ್ದರು. ಬೆಳ್ಳಿಯವರ ಕಣ್ಣು ತಪ್ಪಿಹೋದ ಚಿನ್ನದ ಮೇಲೆ, ಕಂಚಿನವರ ಕಣ್ಣು ಪದಕವೇ ಇಲ್ಲದೆ ಹೋಗುತ್ತಿದ್ದವರ ಮೇಲೆ. ಲೋಕದ ಎರಡನೇ ಓಟಗಾರನಿಗೇ ಹೀಗಾದರೆ ನಮ್ಮದೇನು. ಗೆಳತಿಗೆ ಒಂದು ಫೋನ್ ಮಾಡಿ, ಪ್ರದರ್ಶನ ಹೇಗಾಯಿತು ಅಂತ ಕೇಳಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಸಲ ಆ ಕಡೆಯಿಂದಲೂ ಇದೇ ಖಾಲಿ ಖಾಲಿ ಮಾತು ಬರುತ್ತದೆ.

ಇನ್ನು ಮಾಡಬೇಕಾದ್ದು. ಪ್ರಶಸ್ತಿ ಫಲಕ, ಶಾಲು, ಫೋಟೊ ಎಲ್ಲ ನೀವು ಬರೆಯುವ ಜಾಗದಲ್ಲಿದ್ದರೆ ಅಲ್ಲಿಂದ ತೆಗೆಯಿರಿ. ಪಡಸಾಲೆಯಲ್ಲಿಡಿ, ಬಂದವರು ನೋಡಲಿ, ಮನೆಯವರು ಹೆಮ್ಮೆ ಪಡಲಿ. ನಿಮ್ಮ ಕಣ್ಣೆದುರು ಬೇಡ. ಹತ್ತಿ ಹೆಂಗಸರನ್ನು ಕೇಳುವವರಿಗೆ ಒಂದು ವರ್ಷ ಆಗಲ್ಲ ರೀ ಅಂತ ನಗುತ್ತಾ ಹೇಳಿ. ನಿಮಗೆ ಸಂಬಳ ಇದೆ, ಇದು ಸಣ್ಣ ಸೌಭಾಗ್ಯ ಅಲ್ಲ. ನಮ್ಮ ಬಳ್ಳಾರಿ ರಾಘವರು ವಕೀಲರಾಗಿದ್ದುಕೊಂಡೇ ನಾಟಕದಲ್ಲಿ ಅಷ್ಟು ದೊಡ್ಡ ಹೆಸರು ಮಾಡಿದವರು. ಹೊಟ್ಟೆಪಾಡು ಕೋರ್ಟು ನೋಡಿಕೊಳ್ಳುತ್ತಿದ್ದರೆ ರಂಗದ ಮೇಲೆ ಯಾರ ಮುಲಾಜೂ ಇಲ್ಲ. ನಿಮ್ಮ ಹೊಟ್ಟೆಪಾಡನ್ನು ಶಾಲೆ ನೋಡಿಕೊಳ್ಳುತ್ತಿದೆ, ಹಾಗಾಗಿ ಚಿತ್ರದ ಮೇಲೆ ಆ ಭಾರ ಹೊರಿಸಬೇಡಿ.

ನಲವತ್ತು ದಿನ ಯಾರಿಗೂ ತೋರಿಸದ ಚಿತ್ರ ಬರೆಯಿರಿ. ನಮ್ಮ ಕಡೆ ಮಂಡಲ ಅಂತ ವ್ರತ ಹಿಡಿಯುತ್ತಾರಲ್ಲ, ಹಾಗೆ ಲೆಕ್ಕ ಇಟ್ಟುಕೊಳ್ಳಿ. ಫೋನಿನಲ್ಲಿ ಫೋಟೊ ತೆಗೆಯಬೇಡಿ, ಸ್ಟೇಟಸ್ ಹಾಕಬೇಡಿ. ಮೊಬೈಲಿನಲ್ಲಿ ಎಷ್ಟು ಜನ ನೋಡಿದರು ಅಂತ ನೋಡುವ ಚಟ ಇದೆಯಲ್ಲ, ಅದು ಮಿದುಳಿನ ಬೇಕು ಬೇಕು ಅನ್ನುವ ಭಾಗವನ್ನು ಕೆರಳಿಸುತ್ತದೆ. ಬೇಕು ಅನ್ನೋದೂ, ಸಿಕ್ಕಾಗ ಹಿತ ಅನ್ನೋದೂ ಮಿದುಳಿನಲ್ಲಿ ಒಂದೇ ದಾರಿಯಲ್ಲಿ ನಡೆಯೋದಿಲ್ಲ ಅಂತ ಕೆಂಟ್ ಬೆರಿಜ್ ಅನ್ನುವ ವಿಜ್ಞಾನಿ ವರ್ಷಗಟ್ಟಲೆ ಕೆಲಸ ಮಾಡಿ ತೋರಿಸಿದ್ದಾರೆ. ಅದಕ್ಕೇ ಹಿತ ಕಡಿಮೆಯಾದರೂ ಬೇಕು ಅನ್ನೋದು ಜಾಸ್ತಿಯಾಗುತ್ತಲೇ ಹೋಗಬಹುದು. ಸಾಮಾನೂ ಬದಲಾಯಿಸಿ. ಕುಂಚ ಹಿಡಿಯೋಕೆ ಕೈ ಏಳದಿದ್ದರೆ ಇದ್ದಿಲು ಹಿಡಿಯಿರಿ, ಬಾಲ್‌ ಪೆನ್ ಹಿಡಿಯಿರಿ. ಆ ಸಾಮಾನಿನಲ್ಲಿ ನಿಮಗೆ ಹೆಸರು ಇಲ್ಲ, ಕೆಡುವ ಭಯವೂ ಇಲ್ಲ.

ಜೊತೆಗೆ ಒಬ್ಬರು ಬೇಕು, ಒಬ್ಬರು ಸಾಕು, ಚಿತ್ರ ಬರೆಯುವವರು. ಮಾತಾಡದೆ ಎದುರುಬದುರು ಕೂತು ಬರೆಯುವಂಥವರು. ಒಂಟಿಯಾಗಿ ಮೇಲೇರಿದ ಹೆಸರು ಬೇಗ ತಣ್ಣಗಾಗುತ್ತದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ 96 ವರ್ಷ. ಹುಡುಗಿಯಾಗಿದ್ದಾಗಿನಿಂದ ತೊಗಲುಗೊಂಬೆ ಆಡಿಸಿದವರು, ಮನೆಮಂದಿಯ ಜೊತೆ ಊರೂರು ತಿರುಗಿ, ಹೊರದೇಶಕ್ಕೂ ಹೋಗಿ ಬಂದವರು. ಸುಖ ಪ್ರಶಸ್ತಿಯಲ್ಲಿ ಮಾತ್ರ ಇದೆ ಅಂತಾದರೆ, ಅದಕ್ಕಿಂತ ಮುಂಚಿನ ಎಪ್ಪತ್ತಕ್ಕೂ ಹೆಚ್ಚು ವರ್ಷಗಳನ್ನು ಬರೀ ಕಾಯುವಿಕೆ ಅಂತ ಬರೆದುಕೊಳ್ಳಬೇಕಾಗುತ್ತದೆ. ಪರದೆಯ ಹಿಂದೆ ದೀಪದ ಬಿಸಿಯಲ್ಲಿ ಒಬ್ಬರು ಹಾಡಿ, ಒಬ್ಬರು ಬಾರಿಸಿ, ಒಬ್ಬರು ಗೊಂಬೆ ಆಡಿಸಿದ ಅಷ್ಟೊಂದು ರಾತ್ರಿಗಳನ್ನು ಹಾಗೆ ಲೆಕ್ಕ ಹಾಕೋಕೆ ಆಗುತ್ತದೆಯಾ?

ಸನ್ಮಾನಕ್ಕೆ ಹೋಗಿ. ಕರೆದವರ ಪ್ರೀತಿಯನ್ನು ಬೇಡ ಅನ್ನಬೇಡಿ. ಅವ್ವನನ್ನೂ ಕರೆದುಕೊಂಡು ಹೋಗಿ, ಶಾಲು ಅವರ ಹೆಗಲಿಗೆ ಹಾಕಿಸಿ. ಆ ದಿನ ಬರುವ ಸಂತೋಷವನ್ನು ಪೂರ್ತಿ ತೆಗೆದುಕೊಳ್ಳಿ, ಮೂರು ದಿನ ಇರಲಿ, ಮೂರು ವಾರ ಇರಲಿ. ಹೋಗುವಾಗ ತಡೆಯಬೇಡಿ. ಮೈಕು ಕೈಗೆ ಕೊಟ್ಟು ಮುಂದೇನು ಮೇಡಂ, ರಾಷ್ಟ್ರ ಪ್ರಶಸ್ತಿನಾ ಅಂತ ಯಾರೋ ಕೇಳೇ ಕೇಳುತ್ತಾರೆ. ಆಗ ಉತ್ತರ ಹುಡುಕಬೇಡಿ, ನಕ್ಕು ಕೂತುಕೊಳ್ಳಿ.

ನಾನು ನಿಂತ ಸಾಲು ಯಾವುದು ಅಂತ ಹೇಳಬೇಕಿತ್ತಲ್ಲ. ಅವ್ವನ ಕೈ. ಎಂಟು ತಿಂಗಳಿಂದ ಬರೆದಿಲ್ಲ ಅಂತ ಹೇಳಿದ ಮೂರು ಸಾಲಿನ ಕೆಳಗೆ, ಹೋದ ವಾರ ಬರೆದೆ ಅಂತ ನೀವೇ ಹೇಳಿದ್ದೀರಿ, ಸುಮ್ನೆ ಅಂತ ಒಂದು ಪದ ಸೇರಿಸಿ. ಹಾಲು ಉಕ್ಕೋವರೆಗೆ ಒಲೆಯ ಮೇಲೆ ಹಾಲಿದೆ ಅನ್ನೋದೇ ನಿಮಗೆ ನೆನಪಿರಲಿಲ್ಲ. ಆ ಪ್ರಶ್ನೆಪತ್ರಿಕೆ ರದ್ದಿಗೆ ಹೋಗಿಲ್ಲದಿದ್ದರೆ ಇವತ್ತೇ ಹುಡುಕಿ ತೆಗೆದಿಡಿ. ನಾಳೆ ಬೆಳಿಗ್ಗೆ ಅವ್ವ ಮತ್ತೆ ಅಕ್ಕಿ ಮೊರ ಹಿಡಿದು ಕೂರುತ್ತಾರೆ. ಎಡಗೈ ಬಾಕಿ ಇದೆ.